ಮನೆಯ ಬ್ರಾಡ್‌ಬ್ಯಾಂಡ್ ನಿಧಾನವಾದಾಗ ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

ನೂರು ಎಂಬಿಪಿಎಸ್‌ನ (ಸೆಕೆಂಡಿಗೆ ನೂರು ಮೆಗಾಬಿಟ್) ಫೈಬರ್ ಸಂಪರ್ಕಕ್ಕೆ ತಿಂಗಳು ತಿಂಗಳೂ ಹಣ ಕಟ್ಟುತ್ತಿದ್ದರೂ ಡೌನ್‌ಲೋಡ್ ತೆವಳುತ್ತಿದ್ದರೆ, ತೊಂದರೆ ಇರಬಹುದಾದ ಜಾಗಗಳು ಹೆಚ್ಚೇನಿಲ್ಲ. ಡೌನ್‌ಲೋಡ್ ಮಾಡುತ್ತಿರುವ ಫೋನ್ ಅಥವಾ ಲ್ಯಾಪ್‌ಟಾಪ್, ಅದಕ್ಕೂ ರೂಟರ್‌ಗೂ ನಡುವಿನ ವೈ-ಫೈ, ರೂಟರ್, ಮನೆಯಿಂದ ಬೀದಿಯ ಕಂಬದವರೆಗಿನ ಫೈಬರ್, ಕಂಪನಿಯ ಜಾಲ, ಕೊನೆಗೆ ಫೈಲನ್ನು ಕಳುಹಿಸುತ್ತಿರುವ ದೂರದ ಸರ್ವರ್: ಇವಿಷ್ಟರಲ್ಲಿ ಯಾವುದಾದರೂ ಒಂದು. ಹೆಚ್ಚಿನವರು ಮೊದಲು ಮಾಡುವ ಕೆಲಸ ಕಸ್ಟಮರ್ ಕೇರ್‌ಗೆ ಕರೆ; ಅಲ್ಲಿಂದ ಸಿಗುವ ಉತ್ತರ ‘ಆಫ್ ಮಾಡಿ ಆನ್ ಮಾಡಿ’. ಅದು ಕೆಲವೊಮ್ಮೆ ಫಲ ಕೊಡುತ್ತದೆ, ಆದರೆ ದೋಷ ಎಲ್ಲಿತ್ತು ಎಂಬುದು ತಿಳಿಯದೇ ಉಳಿಯುವುದರಿಂದ ವಾರ ಕಳೆಯುವಷ್ಟರಲ್ಲಿ ಅದೇ ತೊಂದರೆ ಮರಳುತ್ತದೆ. ಇಲ್ಲಿ ಹೇಳುವ ಕ್ರಮ ಬೇರೆ. ಮನೆಯೊಳಗಿನದು ಮತ್ತು ಮನೆಯ ಹೊರಗಿನದು ಎಂದು ದೋಷವನ್ನು ಒಂದೇ ಪರೀಕ್ಷೆಯಿಂದ ಎರಡು ಪಾಲು ಮಾಡಿ, ಆಮೇಲೆ ಬೇಕಾದ ಪಾಲನ್ನು ಮಾತ್ರ ಕೆದಕುವುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬದಲಾವಣೆಯ ನಂತರ ಮತ್ತೆ ಅಳೆಯಬೇಕು. ನಾಲ್ಕು ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂದು ಹೇಳಲಾಗುವುದಿಲ್ಲ.

ಮೊದಲ ಹಂತ: ನಿಜವಾಗಿಯೂ ನಿಧಾನವೇ?

ಪ್ಲಾನ್‌ನಲ್ಲಿ ಬರೆದಿರುವ ವೇಗ ಮೆಗಾಬಿಟ್‌ಗಳಲ್ಲಿ ಇರುತ್ತದೆ. ಬ್ರೌಸರ್ ಅಥವಾ ಗೇಮ್ ಡೌನ್‌ಲೋಡ್ ಮಾಡುವ ತಂತ್ರಾಂಶ ತೋರಿಸುವ ವೇಗ ಸಾಮಾನ್ಯವಾಗಿ ಮೆಗಾಬೈಟ್‌ಗಳಲ್ಲಿ ಇರುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಇಳಿಯಬಹುದು, ಜಾಲದ ಸ್ವಂತ ಖರ್ಚು ಕಳೆದರೆ 11ರಿಂದ 12. ಪರದೆಯ ಮೇಲೆ 11 ಎಂದು ಕಂಡು ‘ನೂರಕ್ಕೆ ಹನ್ನೊಂದೇ ಬರುತ್ತಿದೆ’ ಎಂದು ದೂರು ಕೊಡುವವರು ಇದ್ದಾರೆ. ಅವರ ಸಂಪರ್ಕ ಸಂಪೂರ್ಣ ಆರೋಗ್ಯವಾಗಿರುತ್ತದೆ.

ಎರಡನೆಯದಾಗಿ ನೋಡಬೇಕಾದದ್ದು ಡೇಟಾ ಮಿತಿ. ‘ಅನ್‌ಲಿಮಿಟೆಡ್’ ಎಂದು ಮಾರುವ ಬಹುತೇಕ ಪ್ಲಾನ್‌ಗಳಿಗೂ ಎಫ್‌ಯುಪಿ ಎಂಬ ಗಡಿ ಇದೆ. ದೊಡ್ಡ ಕಂಪನಿಗಳ ಅನೇಕ ಪ್ಲಾನ್‌ಗಳಲ್ಲಿ ಅದು ತಿಂಗಳಿಗೆ ಸುಮಾರು 3300 ಜಿಬಿ, ಅಂದರೆ ದಿನಕ್ಕೆ 110 ಜಿಬಿ. ಅಗ್ಗದ ಪ್ಲಾನ್‌ಗಳಲ್ಲಿ ಇದಕ್ಕಿಂತ ಬಹಳ ಕಡಿಮೆ. ಗಡಿ ದಾಟಿದ ಮೇಲೆ ವೇಗ ಒಂದಂಕಿಗೆ ಇಳಿಯಬಹುದು. ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳಲು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ನಿಗದಿ ಮಾಡಿದ ಕನಿಷ್ಠ ವೇಗ 2 ಎಂಬಿಪಿಎಸ್ ಮಾತ್ರ ಎಂಬುದನ್ನು ನೆನಪಿಟ್ಟರೆ ಈ ಇಳಿತ ಎಷ್ಟು ಆಳಕ್ಕೆ ಹೋಗಬಹುದು ಎಂದು ಊಹಿಸಬಹುದು. ಬಿಲ್ಲಿಂಗ್ ತಿಂಗಳ ಕೊನೆಯ ದಿನಗಳಲ್ಲಿ ನಿಧಾನವಾಗಿ, ಹೊಸ ತಿಂಗಳ ಮೊದಲ ದಿನವೇ ತಾನಾಗಿ ಸರಿಹೋಗುತ್ತಿದ್ದರೆ ಬೇರೆ ಪರೀಕ್ಷೆಯೇ ಬೇಡ. ಕಂಪನಿಯ ಆ್ಯಪ್‌ನಲ್ಲಿ ಬಳಕೆಯ ಲೆಕ್ಕ ನೋಡಿದರೆ ಸಾಕು. ಸಿಸಿಟಿವಿ ಕ್ಯಾಮೆರಾಗಳು ಹಗಲಿರುಳು ಕ್ಲೌಡ್‌ಗೆ ವಿಡಿಯೊ ಕಳುಹಿಸುವ ಮನೆಗಳಲ್ಲಿ ಈ ಲೆಕ್ಕ ಅಂದಾಜಿಗಿಂತ ಬೇಗ ಏರುತ್ತದೆ.

ಎರಡನೆಯ ಹಂತ: ಕೇಬಲ್ ಹಾಕಿ ಅಳೆಯುವುದು

ಇಡೀ ಕ್ರಮದಲ್ಲಿ ಒಂದೇ ಒಂದು ಪರೀಕ್ಷೆ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರನ್ನು ಲ್ಯಾನ್ ಕೇಬಲ್ ಮೂಲಕ ರೂಟರ್‌ಗೆ ನೇರವಾಗಿ ಜೋಡಿಸಿ, ಅದರ ವೈ-ಫೈ ಆಫ್ ಮಾಡಿ, ಮನೆಯ ಉಳಿದೆಲ್ಲ ಫೋನ್ ಮತ್ತು ಟಿವಿಗಳನ್ನು ಸಂಪರ್ಕದಿಂದ ಬಿಡಿಸಿ, ಆಮೇಲೆ ವೇಗ ಅಳೆಯಿರಿ. ಒಂದೇ ತಾಣವನ್ನು ನಂಬಬೇಡಿ. ಊಕ್ಲಾದ ಸ್ಪೀಡ್‌ಟೆಸ್ಟ್ ಸಾಮಾನ್ಯವಾಗಿ ಹತ್ತಿರದ ಸರ್ವರನ್ನು ಆರಿಸಿಕೊಳ್ಳುತ್ತದೆ, ಅದು ನಿಮ್ಮ ಕಂಪನಿಯದೇ ಆಗಿರುವುದೂ ಉಂಟು. ನೆಟ್‌ಫ್ಲಿಕ್ಸ್ ನಡೆಸುವ ಫಾಸ್ಟ್ ಡಾಟ್ ಕಾಮ್ ಅದರ ವಿಡಿಯೊ ಬರುವ ಸರ್ವರ್‌ಗಳಿಂದಲೇ ಅಳೆಯುತ್ತದೆ. ಎರಡರಲ್ಲೂ ನೋಡಿ. ಬೆಳಿಗ್ಗೆ ಆರೇಳು ಗಂಟೆಯ ಹೊತ್ತಿಗೆ ಒಮ್ಮೆ, ರಾತ್ರಿ ಒಂಬತ್ತರಿಂದ ಹತ್ತರ ನಡುವೆ ಇನ್ನೊಮ್ಮೆ, ಹೀಗೆ ಕೆಲವು ದಿನ ಅಳೆದು, ದಿನಾಂಕ ಮತ್ತು ಸಮಯದೊಂದಿಗೆ ಬರೆದಿಡಿ ಅಥವಾ ಸ್ಕ್ರೀನ್‌ಶಾಟ್ ಉಳಿಸಿಕೊಳ್ಳಿ. ಈ ಪಟ್ಟಿ ಮುಂದೆ ದೂರು ಕೊಡುವಾಗ ಬೇಕಾಗುತ್ತದೆ.

ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟ್ ಇರುವುದಿಲ್ಲ. ಯುಎಸ್‌ಬಿ ಅಡಾಪ್ಟರ್ ಕೊಳ್ಳುವುದಾದರೆ ಗಿಗಾಬಿಟ್ (1000 ಎಂಬಿಪಿಎಸ್) ಎಂದು ನಮೂದಿಸಿರುವುದನ್ನೇ ಕೊಳ್ಳಬೇಕು. ಕಂಪ್ಯೂಟರೇ ಇಲ್ಲದ ಮನೆಯಲ್ಲಿ, 5 ಗಿಗಾಹರ್ಟ್ಸ್ ವೈ-ಫೈಗೆ ಸೇರಿಸಿದ ಒಳ್ಳೆಯ ಫೋನನ್ನು ರೂಟರ್‌ನಿಂದ ಎರಡು ಮೀಟರ್ ದೂರದಲ್ಲಿ, ನಡುವೆ ಅಡ್ಡ ಏನೂ ಇಲ್ಲದಂತೆ ಹಿಡಿದು ಅಳೆಯಬಹುದು. ಕೇಬಲ್‌ನಷ್ಟು ನಿಖರವಲ್ಲದಿದ್ದರೂ ನೂರಿನ್ನೂರು ಎಂಬಿಪಿಎಸ್ ಪ್ಲಾನ್‌ಗಳಿಗೆ ಅದು ಸಾಕು.

ಇಲ್ಲಿ ಒಂದು ಅಂಕಿಯನ್ನು ವಿಶೇಷವಾಗಿ ಗಮನಿಸಬೇಕು. ಪ್ಲಾನ್ 200 ಅಥವಾ 300 ಎಂಬಿಪಿಎಸ್ ಇದ್ದು, ಕೇಬಲ್‌ನಲ್ಲಿ ಎಷ್ಟು ಸಲ ಅಳೆದರೂ 94 ಅಥವಾ 95ರಲ್ಲೇ ನಿಂತರೆ, ಅದು ಕಂಪನಿಯ ಜಾಲದ ತಪ್ಪಲ್ಲ. ಎಲ್ಲೋ ಒಂದು ಕಡೆ ಸಂಪರ್ಕ 100 ಎಂಬಿಪಿಎಸ್ ಫಾಸ್ಟ್ ಈಥರ್ನೆಟ್‌ಗೆ ಇಳಿದಿದೆ ಎಂದೇ ಅರ್ಥ. ಇದಕ್ಕೆ ಮೂರು ಕಾರಣಗಳು ಸಾಮಾನ್ಯ. ಲ್ಯಾನ್ ಕೇಬಲ್‌ನಲ್ಲಿ ಎಂಟು ತಂತಿಗಳಿವೆ; ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು, ಆದರೆ ನಾಲ್ಕರಲ್ಲೇ 100 ಎಂಬಿಪಿಎಸ್ ಓಡುತ್ತದೆ. ಹೀಗಾಗಿ ಕ್ರಿಂಪ್ ಮಾಡುವಾಗ (ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವಾಗ) ಒಂದು ತಂತಿ ಸರಿಯಾಗಿ ಕೂರದಿದ್ದರೂ, ಇಲಿ ಕಡಿದು ಒಂದು ಎಳೆ ತುಂಡಾಗಿದ್ದರೂ, ಸಂಪರ್ಕ ಪೂರ್ತಿ ಸಾಯದೆ ಸದ್ದಿಲ್ಲದೆ ವೇಗ ಇಳಿಸಿಕೊಂಡು ಬದುಕುತ್ತದೆ. ಎರಡನೆಯ ಕಾರಣ ರೂಟರ್‌ನ ಪೋರ್ಟ್. ಡಬ್ಬದ ಮೇಲೆ ‘ಎಸಿ 1200’ ಎಂದು ದೊಡ್ಡದಾಗಿ ಮುದ್ರಿಸಿರುವ ಅನೇಕ ಅಗ್ಗದ ರೂಟರ್‌ಗಳ ಬೆನ್ನಲ್ಲಿ ಇರುವುದು 100 ಎಂಬಿಪಿಎಸ್ ಪೋರ್ಟ್‌ಗಳೇ. 1200 ಎಂಬುದು ಎರಡು ವೈ-ಫೈ ಬ್ಯಾಂಡ್‌ಗಳ ಕಾಗದದ ಮೇಲಿನ ಮೊತ್ತ. ಮೂರನೆಯದು, ಕಂಪನಿ ಕೊಟ್ಟ ಫೈಬರ್ ಮೋಡೆಮ್‌ನಲ್ಲಿ ಒಂದೇ ಪೋರ್ಟ್ ಗಿಗಾಬಿಟ್ ಆಗಿದ್ದು ಉಳಿದವು ಹಳೆಯ ವೇಗದವಾಗಿರುವುದು. ಆಗ ಬೇರೆ ಪೋರ್ಟ್‌ಗೆ ಚುಚ್ಚಿ ನೋಡಿದರೆ ತಿಳಿಯುತ್ತದೆ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಈಥರ್ನೆಟ್ ಪುಟದಲ್ಲಿ ಲಿಂಕ್ ಸ್ಪೀಡ್ 100 ಎಂದಿದೆಯೋ 1000 ಎಂದಿದೆಯೋ ನೋಡಿ. 100 ಎಂದಿದ್ದರೆ ಮೊದಲು ಕೇಬಲ್ ಬದಲಿಸಿ, ಕ್ಯಾಟ್ 5ಇ ಅಥವಾ ಕ್ಯಾಟ್ 6 ಆಗಿರಲಿ.

ಕೇಬಲ್‌ನಲ್ಲಿ ಪ್ಲಾನ್‌ನ ವೇಗ ಬರುತ್ತಿದ್ದರೆ ಮುಂದಿನ ಎರಡು ಹಂತ ನಿಮಗಾಗಿ. ಕೇಬಲ್‌ನಲ್ಲೂ ಬಾರದಿದ್ದರೆ ಅವುಗಳನ್ನು ಬಿಟ್ಟು ಐದನೆಯ ಹಂತಕ್ಕೆ ಹೋಗಿ.

ಮೂರನೆಯ ಹಂತ: ವೈ-ಫೈ

ದೋಷ ಹೆಚ್ಚಾಗಿ ಇರುವುದು ಇಲ್ಲಿಯೇ. ರೂಟರ್ ಎರಡು ಬ್ಯಾಂಡ್‌ಗಳಲ್ಲಿ ಸಿಗ್ನಲ್ ಕಳುಹಿಸುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಒಂದೆರಡು ಗೋಡೆಗೆ ಸೋಲುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೆ ಯಾವುದನ್ನು ಹಿಡಿಯಬೇಕೆಂದು ಫೋನ್ ತಾನೇ ನಿರ್ಧರಿಸುತ್ತದೆ, ಮತ್ತು ಕೆಲವು ಫೋನ್‌ಗಳು ರೂಟರ್‌ನ ಪಕ್ಕದಲ್ಲೇ ಇದ್ದರೂ 2.4ಕ್ಕೆ ಅಂಟಿಕೊಂಡಿರುತ್ತವೆ. ರೂಟರ್‌ನ ಸೆಟ್ಟಿಂಗ್ ಪುಟಕ್ಕೆ ಹೋಗಿ (ಬಹುತೇಕ ಮನೆಗಳಲ್ಲಿ ವಿಳಾಸ 192.168.1.1, ಬೇರೆಯಾಗಿದ್ದರೆ ಮೋಡೆಮ್‌ನ ಕೆಳಗಿನ ಚೀಟಿಯಲ್ಲಿ ಇರುತ್ತದೆ) ಎರಡು ಬ್ಯಾಂಡ್‌ಗಳಿಗೆ ಬೇರೆ ಬೇರೆ ಹೆಸರಿಟ್ಟು, ಫೋನನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿ ಮತ್ತೆ ಅಳೆಯಿರಿ. ವೇಗ ಹಲವು ಪಟ್ಟು ಏರಿದರೆ ಕಾರಣ ಸಿಕ್ಕಿತು.

2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು (ಬ್ಯಾಂಡ್‌ನೊಳಗಿನ ಓಣಿಗಳು) ಮೂರೇ: 1, 6 ಮತ್ತು 11. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಕುಳಿತು ವೈ-ಫೈ ಅನಲೈಸರ್ ಆ್ಯಪ್ ತೆರೆದರೆ ಇಪ್ಪತ್ತು ಮೂವತ್ತು ಮನೆಗಳ ಹೆಸರು ಕಾಣುತ್ತವೆ, ಎಲ್ಲವೂ ಈ ಮೂರರಲ್ಲೇ ತಳ್ಳಾಡುತ್ತಿರುತ್ತವೆ. ಅಲ್ಲಿ ಚಾನೆಲ್ ಬದಲಿಸಿ ಗೆಲ್ಲುವುದಕ್ಕಿಂತ ಆ ಬ್ಯಾಂಡನ್ನು ಬಲ್ಬು, ಕ್ಯಾಮೆರಾ, ಪ್ರಿಂಟರ್‌ಗಳಿಗೆ ಬಿಟ್ಟುಕೊಡುವುದೇ ಲೇಸು. ಹಳ್ಳಿಯ ಒಂಟಿ ಮನೆಯಲ್ಲಿ ಈ ಸ್ಪರ್ಧೆ ಇಲ್ಲ, ಅಲ್ಲಿನ 2.4 ಚೆನ್ನಾಗಿಯೇ ಓಡುತ್ತದೆ. 2.4ರ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ, 5ರದನ್ನು 80ಕ್ಕೆ ಇಡುವುದು ಸಾಮಾನ್ಯವಾಗಿ ಸರಿಯಾದ ಆಯ್ಕೆ. 5 ಗಿಗಾಹರ್ಟ್ಸ್‌ನಲ್ಲಿ 36ರಿಂದ 48ರವರೆಗಿನ ಅಥವಾ 149ರಿಂದ 161ರವರೆಗಿನ ಚಾನೆಲ್‌ಗಳನ್ನು ಪ್ರಯತ್ನಿಸಿ. ನಡುವಿನ ಚಾನೆಲ್‌ಗಳಲ್ಲಿ ರೆಡಾರ್‌ಗೆ ದಾರಿ ಬಿಡಬೇಕಾದ ನಿಯಮ ಇರುವುದರಿಂದ ರೂಟರ್ ಇದ್ದಕ್ಕಿದ್ದಂತೆ ಜಾಗ ಬದಲಿಸಬಹುದು.

ಇನ್ನು ರೂಟರ್ ಇರುವ ಜಾಗ. ಟೆಕ್ನಿಷಿಯನ್‌ಗೆ ಫೈಬರ್ ಒಳಬರುವ ಕಿಟಕಿಯ ಪಕ್ಕದ ಗೋಡೆಯೇ ಅನುಕೂಲ. ಮನೆಯವರಿಗೆ ಅದು ಕಣ್ಣಿಗೆ ಬೀಳದಂತೆ ಟಿವಿಯ ಹಿಂದೆಯೋ ಚಪ್ಪಲಿ ಕಪಾಟಿನೊಳಗೋ ಇದ್ದರೆ ಸಮಾಧಾನ. ಸಿಗ್ನಲ್‌ಗೆ ಇವೆರಡೂ ಆಗಿಬರುವುದಿಲ್ಲ. ಉಕ್ಕಿನ ಬೀರು, ಫ್ರಿಜ್, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್, ಮೀನಿನ ತೊಟ್ಟಿ ಇವೆಲ್ಲ ರೇಡಿಯೊ ಅಲೆಗಳನ್ನು ತಡೆಯುತ್ತವೆ ಅಥವಾ ಹೀರುತ್ತವೆ. ಕರಾವಳಿಯ ಕೆಂಪುಕಲ್ಲಿನ ಗೋಡೆ, ಮಲೆನಾಡಿನ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ, ನಗರದ ಆರ್‌ಸಿಸಿ ಛಾವಣಿ, ಇವುಗಳಲ್ಲಿ ಛಾವಣಿಯೇ ಅತಿ ಕಠಿಣ. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಮೂರು ಅಂತಸ್ತು ಎತ್ತಿದ ಮನೆಗೆ ನೆಲಮಹಡಿಯ ಒಂದು ರೂಟರ್ ಸಾಲುವುದಿಲ್ಲ, ಅದು ಎಷ್ಟೇ ದುಬಾರಿಯದಾಗಿರಲಿ. ವೈ-ಫೈ ಅನಲೈಸರ್ ಆ್ಯಪ್ ಸಿಗ್ನಲ್ಲನ್ನು ಡಿಬಿಎಂ ಎಂಬ ಮಾನದಲ್ಲಿ ತೋರಿಸುತ್ತದೆ. ಮೈನಸ್ 50ರ ಆಸುಪಾಸು ಉತ್ತಮ, ಮೈನಸ್ 67ರವರೆಗೆ ಕೆಲಸಕ್ಕೆ ತೊಂದರೆಯಿಲ್ಲ, ಮೈನಸ್ 75 ದಾಟಿದರೆ ಆ ಕೋಣೆಯಿಂದ ವೇಗದ ಆಸೆ ಇಟ್ಟುಕೊಳ್ಳುವಂತಿಲ್ಲ.

ದೂರದ ಕೋಣೆಗೆ ಸಿಗ್ನಲ್ ತಲುಪಿಸಲು ಅಂಗಡಿಯವರು ಮೊದಲು ತೋರಿಸುವುದು ರಿಪೀಟರ್. ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳುವ ಸಾಧನ ಅದಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಫೋನಿನಲ್ಲಿ ಸಿಗ್ನಲ್‌ನ ಕಡ್ಡಿಗಳು ತುಂಬಿರುತ್ತವೆ, ಡೌನ್‌ಲೋಡ್ ಮಾತ್ರ ಹಾಗೆಯೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಹಣವನ್ನು ಇಪ್ಪತ್ತು ಮೀಟರ್ ಕ್ಯಾಟ್ 6 ಕೇಬಲ್‌ಗೆ ಹಾಕಿ, ಮೇಲಿನ ಮಹಡಿಯಲ್ಲಿ ಇನ್ನೊಂದು ರೂಟರನ್ನು ಆ್ಯಕ್ಸೆಸ್ ಪಾಯಿಂಟ್ (ಕೇಬಲ್‌ನಿಂದ ಬಂದದ್ದನ್ನು ವೈ-ಫೈ ಆಗಿ ಹರಡುವ ಸಾಧನ) ಆಗಿ ಇಡುವುದು ಎಷ್ಟೋ ಮೇಲು. ಲ್ಯಾನ್ ಕೇಬಲ್ ನೂರು ಮೀಟರ್‌ವರೆಗೆ ಪೂರ್ಣ ವೇಗ ಕೊಡುತ್ತದೆ. ಒಂದೇ ಜಾಲವಾಗಿ ಕೆಲಸ ಮಾಡುವ ಹಲವು ರೂಟರ್‌ಗಳ ಗುಂಪಾದ ಮೆಶ್ ಸಾಧನ ಕೊಂಡರೂ, ಆಗುವುದಾದರೆ ಅವುಗಳನ್ನು ಕೇಬಲ್‌ನಿಂದಲೇ ಬೆಸೆಯಬೇಕು.

ಸುಲಭವಾಗಿ ಕಣ್ಣಿಗೆ ಬೀಳದ ಒಂದು ಕಾರಣ ಭದ್ರತಾ ಸೆಟ್ಟಿಂಗ್. ಹಳೆಯ ರೂಟರ್‌ನಲ್ಲಿ ಡಬ್ಲ್ಯುಪಿಎ ಜೊತೆಗೆ ಟಿಕೆಐಪಿ ಎಂಬ ಹಳೆಯ ಗೂಢಲಿಪಿ ಆಯ್ಕೆಯಾಗಿದ್ದರೆ ವೈ-ಫೈ 54 ಎಂಬಿಪಿಎಸ್‌ನ ಹಳೆಯ ಮಟ್ಟಕ್ಕೆ ಬೀಳುತ್ತದೆ, ಕೈಗೆ ಸಿಗುವುದು ಅದರ ಅರ್ಧ. ಅದನ್ನು ಡಬ್ಲ್ಯುಪಿಎ 2, ಎಇಎಸ್ ಎಂದು ಬದಲಿಸಿ. ಹಾಗೆಯೇ ಫೋನ್ ತೋರಿಸುವ ಲಿಂಕ್ ಸ್ಪೀಡ್ ಡೌನ್‌ಲೋಡ್ ವೇಗವಲ್ಲ. ವೈ-ಫೈಯಲ್ಲಿ ಅದರ ಅರ್ಧದಿಂದ ಮೂರರಲ್ಲಿ ಎರಡು ಪಾಲು ಸಿಕ್ಕರೆ ತೃಪ್ತಿಪಡಬಹುದು.

ನಾಲ್ಕನೆಯ ಹಂತ: ಸಾಧನಗಳು ಮತ್ತು ರೂಟರ್

ಒಂದೇ ಫೋನ್ ನಿಧಾನವಾಗಿದ್ದು ಪಕ್ಕದ ಫೋನ್ ಚೆನ್ನಾಗಿದ್ದರೆ ದೋಷ ಆ ಫೋನಿನದು. ಆನ್ ಆಗಿ ಮರೆತುಹೋದ ವಿಪಿಎನ್ (ಸಂಚಾರವನ್ನು ಬೇರೊಂದು ಸರ್ವರ್ ಮೂಲಕ ಸುತ್ತಿಸುವ ತಂತ್ರಾಂಶ), ಜಾಲದ ಸಂಚಾರವನ್ನೆಲ್ಲ ಸೋಸುವ ಆ್ಯಂಟಿವೈರಸ್, ಹಿನ್ನೆಲೆಯಲ್ಲಿ ಇಳಿಯುತ್ತಿರುವ ವಿಂಡೋಸ್ ಅಪ್‌ಡೇಟ್, 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಹಳೆಯ ಸಾಧನ, ಇವನ್ನು ನೋಡಿ ಮುಂದೆ ಸಾಗಬಹುದು.

ಅಪ್‌ಲೋಡ್‌ನ ಕಡೆಗೆ ಮಾತ್ರ ಸ್ವಲ್ಪ ಗಮನ ಕೊಡಬೇಕು, ಏಕೆಂದರೆ ಡೌನ್‌ಲೋಡ್‌ಗೂ ಅದಕ್ಕೂ ಸಂಬಂಧವಿದೆ ಎಂದು ಯಾರೂ ಎಣಿಸುವುದಿಲ್ಲ. ಫೈಲ್‌ನ ತುಣುಕುಗಳು ಬಂದಂತೆಲ್ಲ ‘ತಲುಪಿತು’ ಎಂಬ ರಸೀದಿಯನ್ನು ನಿಮ್ಮ ಸಾಧನ ಹಿಂದಕ್ಕೆ ಕಳುಹಿಸುತ್ತಿರಬೇಕು. ಮದುವೆಯ ವಿಡಿಯೊಗಳನ್ನು ಯಾರದೋ ಫೋನ್ ಗೂಗಲ್ ಫೋಟೋಸ್‌ಗೆ ಏರಿಸುತ್ತ ಅಪ್‌ಲೋಡ್ ದಾರಿಯನ್ನೆಲ್ಲ ತುಂಬಿಕೊಂಡಿದ್ದರೆ ಈ ರಸೀದಿಗಳು ಸಾಲಿನಲ್ಲಿ ನಿಲ್ಲುತ್ತವೆ, ಸರ್ವರ್ ಕಾಯುತ್ತದೆ, ಡೌನ್‌ಲೋಡ್ ಕುಸಿಯುತ್ತದೆ. ಅಪ್‌ಲೋಡ್ ವೇಗ ಕಡಿಮೆ ಇರುವ ಪ್ಲಾನ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ಕ್ಲೌಡ್‌ಫ್ಲೇರ್‌ನ ವೇಗ ಪರೀಕ್ಷೆಯಲ್ಲಿ, ಸಂಪರ್ಕ ತುಂಬಿದಾಗ ವಿಳಂಬ ಎಷ್ಟು ಏರುತ್ತದೆ ಎಂಬುದೂ ತೋರುತ್ತದೆ. ಸಾಮಾನ್ಯವಾಗಿ ಹತ್ತಿಪ್ಪತ್ತು ಮಿಲಿಸೆಕೆಂಡ್ ಇರುವುದು ನೂರಾರಕ್ಕೆ ಹಾರಿದರೆ, ಬ್ಯಾಕಪ್‌ಗಳನ್ನು ನಡುರಾತ್ರಿಗೆ ಹೊಂದಿಸಿ.

ರೂಟರ್ ಬಿಸಿಯಾಗಿ ತತ್ತರಿಸುತ್ತಿದ್ದರೆ ಗಾಳಿಯಾಡುವ ಕಡೆ ಇಡಿ, ಧೂಳು ಒರೆಸಿ. ಸೆಟ್ಟಿಂಗ್ ಪುಟದಲ್ಲಿ ಜೋಡಣೆಗೊಂಡ ಸಾಧನಗಳ ಪಟ್ಟಿ ನೋಡಿ. ಗುರುತಿಲ್ಲದ ಹೆಸರುಗಳಿದ್ದರೆ ಪಾಸ್‌ವರ್ಡ್ ಬದಲಿಸಿ. ಡಿಎನ್ಎಸ್ ಅನ್ನು 1.1.1.1 ಅಥವಾ 8.8.8.8ಕ್ಕೆ ಬದಲಿಸಿದರೆ ವೇಗ ಇಮ್ಮಡಿಯಾಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಡಿಎನ್ಎಸ್ ಮಾಡುವುದು ತಾಣದ ವಿಳಾಸ ಹುಡುಕಿಕೊಡುವ ಕೆಲಸ. ಪುಟ ತೆರೆಯಲು ಶುರುವಾಗುವುದು ತುಸು ಬೇಗವಾಗಬಹುದು, ಆದರೆ ಎರಡು ಜಿಬಿ ಫೈಲ್ ಇಳಿಯುವ ವೇಗ ಸಾಮಾನ್ಯವಾಗಿ ಅದರಿಂದ ಹೆಚ್ಚುವುದಿಲ್ಲ.

ಐದನೆಯ ಹಂತ: ಗೋಡೆಯಿಂದ ಆಚೆ

ಕೇಬಲ್‌ನಲ್ಲೂ ವೇಗ ಬಾರದಿದ್ದರೆ ಮೊದಲು ಮೋಡೆಮ್‌ನ ದೀಪಗಳನ್ನು ನೋಡಿ. ಪಿಒಎನ್ ದೀಪ ಸ್ಥಿರವಾಗಿ ಹಸಿರಾಗಿರಬೇಕು. ಎಲ್ಒಎಸ್ ದೀಪ ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ, ಅಂದರೆ ಫೈಬರ್ ಎಲ್ಲೋ ತುಂಡಾಗಿದೆ ಅಥವಾ ಬಹಳ ಮಡಚಿದೆ. ಇವೆರಡರ ನಡುವಿನ ಸ್ಥಿತಿಯೇ ಹೆಚ್ಚು ಮೋಸಗೊಳಿಸುವುದು: ದೀಪ ಹಸಿರು, ಸಂಪರ್ಕವೂ ಇದೆ, ಆದರೆ ಬೆಳಕು ಕ್ಷೀಣ. ಅನೇಕ ಮೋಡೆಮ್‌ಗಳ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಅಥವಾ ಆರ್‌ಎಕ್ಸ್ ಪವರ್ ಎಂಬ ಸಾಲು ಇರುತ್ತದೆ, ಒಳಬರುವ ಬೆಳಕಿನ ಬಲ ಅದು. ಅದು ಮೈನಸ್ 15ರಿಂದ ಮೈನಸ್ 25 ಡಿಬಿಎಂ ನಡುವೆ ಇದ್ದರೆ ನೆಮ್ಮದಿ. ಮೈನಸ್ 27ರ ಅಂಚಿಗೆ ಬಂದರೆ ತುಣುಕುಗಳು ಕಳೆದುಹೋಗಲು ಶುರುವಾಗುತ್ತವೆ.

ಮನೆಯೊಳಗೆ ನೀವು ನೋಡಬಹುದಾದದ್ದು ಫೈಬರ್‌ನ ಬಾಗು. ಕಪಾಟಿನ ಬಾಗಿಲಿಗೆ ಸಿಕ್ಕಿಕೊಂಡಿದೆಯೇ, ಮೂಲೆಯಲ್ಲಿ ಮೊಳೆ ಹೊಡೆದು ಚೂಪಾಗಿ ಮಡಚಿದ್ದಾರೆಯೇ, ಉಳಿದ ಉದ್ದವನ್ನು ಬಿಗಿಯಾಗಿ ಸುತ್ತಿ ಕಟ್ಟಿದ್ದಾರೆಯೇ ಎಂದು ನೋಡಿ, ಅಂಗೈ ಅಗಲದ ಸಡಿಲ ಸುರುಳಿಯಾಗಿ ಬಿಡಿಸಿ. ಹಸಿರು ತುದಿಯ ಕನೆಕ್ಟರ್ ಓರೆಯಾಗಿ ಉಜ್ಜಿದ್ದು, ನೀಲಿಯದು ನೇರದ್ದು. ಒಂದನ್ನೊಂದಕ್ಕೆ ಸೇರಿಸಿದ್ದರೆ ಬೆಳಕು ಸೋರುತ್ತದೆ. ಆದರೆ ಕನೆಕ್ಟರನ್ನು ಬಿಚ್ಚಿ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬಾರದು. ಅಲ್ಲಿಂದ ಬರುವ ಲೇಸರ್ ಕಣ್ಣಿಗೆ ಕಾಣದ ಬೆಳಕು. ಮುರಿದ ಫೈಬರ್‌ನ ಗಾಜಿನ ಚೂರನ್ನೂ ಬರಿಗೈಯಲ್ಲಿ ಮುಟ್ಟಬೇಡಿ.

ಬೀದಿಯ ಕಡೆಯ ದೋಷಗಳು ಟೆಕ್ನಿಷಿಯನ್‌ನ ಪಾಲಿನವು. ನಮ್ಮ ಊರುಗಳಲ್ಲಿ ಫೈಬರ್ ಹೆಚ್ಚಾಗಿ ವಿದ್ಯುತ್ ಕಂಬದಿಂದ ಮರಕ್ಕೆ, ಮರದಿಂದ ಛಾವಣಿಗೆ ತೂಗಾಡುತ್ತ ಬರುತ್ತದೆ. ಮಳೆಗಾಲದ ಗಾಳಿಗೆ ಕೊಂಬೆ ಉಜ್ಜಿ, ಜಾಯಿಂಟ್ ಡಬ್ಬಕ್ಕೆ ನೀರು ಇಳಿದು, ರಸ್ತೆ ಅಗೆತದಲ್ಲಿ ಎಳೆದುಹೋಗಿ ಬೆಳಕು ಕುಗ್ಗುತ್ತದೆ. ಮಳೆ ಬಂದಾಗ ಮಾತ್ರ ನಿಧಾನವಾಗುವ ಸಂಪರ್ಕಕ್ಕೆ ರೂಟರ್ ಬದಲಿಸಿ ಪ್ರಯೋಜನವಿಲ್ಲ. ಜಾಯಿಂಟ್ ಮತ್ತೆ ಮಾಡಿಸಬೇಕು.

ಬೆಳಿಗ್ಗೆ ಪೂರ್ಣ ವೇಗ, ರಾತ್ರಿ ಒಂಬತ್ತಕ್ಕೆ ಕಾಲುಭಾಗ ಎಂದು ನಿಮ್ಮ ಪಟ್ಟಿ ಹೇಳುತ್ತಿದ್ದರೆ ಅದು ದಟ್ಟಣೆ. ಜಿಪಿಒಎನ್ ಎಂಬ ಸಾಮಾನ್ಯ ವ್ಯವಸ್ಥೆಯಲ್ಲಿ ಒಂದು ಎಳೆಯ 2.5 ಗಿಗಾಬಿಟ್ ವೇಗವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. 64 ಮನೆಗಳಿಗೆ ನೂರು ನೂರು ಎಂಬಿಪಿಎಸ್ ಮಾರಿದರೆ ಮೊತ್ತ 6.4 ಗಿಗಾಬಿಟ್ ಆಗುತ್ತದೆ. ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲವಾದ್ದರಿಂದ ಇದು ನಡೆಯುತ್ತದೆ, ಇದರಲ್ಲಿ ತಪ್ಪೂ ಇಲ್ಲ. ಸಣ್ಣ ಆಪರೇಟರ್‌ಗಳಲ್ಲಿ ಉಸಿರು ಕಟ್ಟುವುದು ಬಹುತೇಕ ಇನ್ನೂ ಮೇಲೆ, ಅವರು ದೊಡ್ಡ ಕಂಪನಿಯಿಂದ ಕೊಳ್ಳುವ ಬ್ಯಾಂಡ್‌ವಿಡ್ತ್ ಗ್ರಾಹಕರ ಸಂಖ್ಯೆಗೆ ಸಾಲದಿರುವಾಗ. ಇದನ್ನು ನಿಮ್ಮ ಮನೆಯಲ್ಲಿ ಕುಳಿತು ಸರಿಪಡಿಸಲು ಬರುವುದಿಲ್ಲ. ಹಾಗೆಯೇ, ಇನ್ನೂ ಹಳೆಯ ತಾಮ್ರದ ಫೋನ್ ಲೈನ್‌ನಲ್ಲೇ ಬ್ರಾಡ್‌ಬ್ಯಾಂಡ್ ಇರುವ ಮನೆಗಳಲ್ಲಿ ಎಕ್ಸ್‌ಚೇಂಜ್‌ನಿಂದ ದೂರ ಹೆಚ್ಚಿದಂತೆ ವೇಗ ಕುಗ್ಗುತ್ತದೆ. ಫೈಬರ್‌ಗೆ ಬದಲಾಗುವುದೊಂದೇ ದಾರಿ.

ಆರನೆಯ ಹಂತ: ಒಂದೇ ತಾಣ ನಿಧಾನವಾದಾಗ

ವೇಗ ಪರೀಕ್ಷೆ ಚೆನ್ನಾಗಿದ್ದು ಒಂದು ತಾಣದಿಂದ ಮಾತ್ರ ಫೈಲ್ ಇಳಿಯದಿದ್ದರೆ, ಅದೇ ಫೈಲನ್ನು ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಇಳಿಸಿ ನೋಡಿ. ಅಲ್ಲೂ ನಿಧಾನವಾದರೆ ಆ ಸರ್ವರ್‌ದೇ ಮಿತಿ. ಮೊಬೈಲ್‌ನಲ್ಲಿ ಬೇಗ ಇಳಿದರೆ, ಅಥವಾ ವಿಪಿಎನ್ ಹಾಕಿದಾಗ ವೇಗ ಏರಿದರೆ, ನಿಮ್ಮ ಕಂಪನಿ ಆ ತಾಣಕ್ಕೆ ಹಿಡಿದಿರುವ ದಾರಿ ಸರಿಯಿಲ್ಲ. ಅಮೆರಿಕದ ಸರ್ವರ್‌ಗೆ ಬೆಂಗಳೂರಿನಿಂದ ಹೋಗಿಬರಲು ಇನ್ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ಬೇಕು. ಅಷ್ಟು ದೂರದಲ್ಲಿ ಶೇಕಡಾ ಒಂದೆರಡು ತುಣುಕು ಕಳೆದುಹೋದರೂ ವೇಗ ನೆಲಕಚ್ಚುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಸಣ್ಣ ತುಣುಕು ಕಳುಹಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಪಿಂಗ್ ಆದೇಶವನ್ನು ಮೊದಲು ರೂಟರ್‌ನ ವಿಳಾಸಕ್ಕೆ, ಆಮೇಲೆ 8.8.8.8ಕ್ಕೆ ನೂರು ಸಲ ಓಡಿಸಿ. ರೂಟರ್‌ವರೆಗೇ ನಷ್ಟ ಕಂಡರೆ ದೋಷ ಮನೆಯೊಳಗಿದೆ. ಅಲ್ಲಿಯವರೆಗೆ ಸೊನ್ನೆಯಿದ್ದು ಆಚೆ ನಷ್ಟವಾಗುತ್ತಿದ್ದರೆ ಹೊರಗಿದೆ.

ಕೊನೆಯ ಹಂತ: ದೂರು

‘ನೆಟ್ ಸ್ಲೋ’ ಎಂದು ಹೇಳಬೇಡಿ. ‘ಇಂಥ ದಿನಾಂಕಗಳಲ್ಲಿ, ಇಷ್ಟು ಗಂಟೆಗೆ, ಲ್ಯಾನ್ ಕೇಬಲ್ ಮೂಲಕ, ಬೇರೆ ಸಾಧನಗಳಿಲ್ಲದೆ ಅಳೆದಾಗ ಇಷ್ಟು ಬಂದಿದೆ, ಆಪ್ಟಿಕಲ್ ಪವರ್ ಇಷ್ಟಿದೆ’ ಎಂದು ಬರೆದು ಕೊಡಿ. ಆಗ ‘ಆಫ್ ಮಾಡಿ ಆನ್ ಮಾಡಿ’ ಎನ್ನಲು ಅವರಿಗೆ ಆಸ್ಪದ ಇರುವುದಿಲ್ಲ. ಬಾಯಿಮಾತಿನಲ್ಲಿ ಅಥವಾ ಲೈನ್‌ಮ್ಯಾನ್‌ನ ವಾಟ್ಸ್‌ಆ್ಯಪ್‌ನಲ್ಲಿ ಹೇಳಿದ್ದು ದೂರು ಎನಿಸುವುದಿಲ್ಲ; ದೂರು ನೋಂದಣಿಯಾದ ಡಾಕೆಟ್ ಸಂಖ್ಯೆ ಪಡೆಯಲೇಬೇಕು. ಪರಿಹಾರ ತೃಪ್ತಿಕರವಾಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಶುಲ್ಕವಿಲ್ಲದೆ ಅರ್ಜಿ ಹಾಕಬಹುದು. ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್ 2012ರಲ್ಲಿ ಮಾಡಿದ ನಿಯಮಗಳ ಪ್ರಕಾರ ಮೇಲ್ಮನವಿಯನ್ನು 39 ದಿನಗಳಲ್ಲಿ ಇತ್ಯರ್ಥಗೊಳಿಸಬೇಕು. ಟ್ರಾಯ್ ತಾನೇ ಒಬ್ಬೊಬ್ಬ ಗ್ರಾಹಕನ ದೂರನ್ನು ವಿಚಾರಣೆ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಟೆಲಿಕಾಂ ಕಂಪನಿಯ ವಿರುದ್ಧ ಗ್ರಾಹಕರು ಗ್ರಾಹಕ ವೇದಿಕೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿರುವುದರಿಂದ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

ಕಂಪನಿಯನ್ನೇ ಬದಲಿಸುವ ತೀರ್ಮಾನಕ್ಕೆ ಬಂದರೆ ಹಳೆಯದನ್ನು ಕೂಡಲೇ ಕಡಿಯಬೇಡಿ. ನಿಮ್ಮ ಬೀದಿಯಲ್ಲೇ ಹೊಸ ಕಂಪನಿಯ ಸಂಪರ್ಕ ಇರುವವರನ್ನು ಹುಡುಕಿ, ರಾತ್ರಿ ಒಂಬತ್ತೂವರೆಗೆ ಅವರ ರೂಟರ್‌ಗೆ ಕೇಬಲ್ ಹಾಕಿ ಅಳೆಯಲು ಅನುಮತಿ ಕೇಳಿ. ಆ ಅಂಕಿ ನೋಡುವವರೆಗೆ ವರ್ಷದ ಹಣವನ್ನು ಮುಂಗಡವಾಗಿ ಕಟ್ಟಬೇಡಿ. ರಿಯಾಯಿತಿ ಎಷ್ಟೇ ಇರಲಿ, ಮೊದಲು ಒಂದು ತಿಂಗಳ ಪ್ಲಾನ್ ತೆಗೆದುಕೊಳ್ಳಿ.